ಅರಿಶಿನ ಕ್ಯಾಪ್ಸೂಲ್ ನುಂಗಿದ್ರೆ ಸಾಸೇಜ್ ಲೆಕ್ಕ ಚುಕ್ತಾ ಆಗಲ್ಲ

ಸರ್, ನಿಮ್ಮ ಡಯಟ್ ಚಾರ್ಟ್ ನೋಡಿ ಸುಮ್ಮನಿರೋಕೆ ಆಗಲಿಲ್ಲ. ಬೆಳಗ್ಗೆ ನಾಲ್ಕು ಚಿಕನ್ ಸಾಸೇಜ್, ರಾತ್ರಿ ಸಲಾಮಿ, ಕಾರ್ಬ್ ಬೇಡ ಅಂತ ಮುದ್ದೆ ಬಂದ್, ಉರಿಯೂತಕ್ಕೆ ಅಂತ ಎರಡು ಅರಿಶಿನ ಕ್ಯಾಪ್ಸೂಲ್. ಕೊನೇಲಿ "ಎರಡು ವಾರದಿಂದ ಸ್ವಲ್ಪ ರಕ್ತ ಹೋಗ್ತಿದೆ, ಪೈಲ್ಸ್ ಇರಬೇಕು" ಅಂತ ಬೇರೆ! ಮೂರು ವರ್ಷದ ಹಿಂದೆ ನಾನು ಮಾಡಿದ್ದೂ ಇದೇ.

ಎಂಟು ತಿಂಗಳು ಪೈಲ್ಸ್ ಅಂದ್ಕೊಂಡೇ ಕಳೆದೆ. ಮೂಲಂಗಿ ರಸ ಕುಡಿದೆ, ಮುಲಾಮು ಹಚ್ಚಿದೆ. ಮನೆಯವಳು ಹಟ ಹಿಡಿದು ಕರ್ಕೊಂಡು ಹೋದ ಮೇಲೆ ಕೊಲೊನೋಸ್ಕೋಪಿ ಆಯ್ತು, ಅಂದ್ರೆ ಹಿಂಬದಿಯಿಂದ ಕ್ಯಾಮೆರಾ ಇರೋ ಕೊಳವೆ ಬಿಟ್ಟು ದೊಡ್ಡಕರುಳು ನೋಡೋದು. ಪೈಲ್ಸೂ ಇತ್ತು, ನಾನು ಮೋಸ ಹೋಗಿದ್ದೇ ಅಲ್ಲಿ. ಅದರಿಂದ ಮೇಲೆ ದೊಡ್ಡಕರುಳಿನ ಗೋಡೇಲಿ ಎರಡು ಪಾಲಿಪ್, ಅಂದ್ರೆ ಒಳಗೋಡೇಲಿ ಬೆಳೆಯೋ ಗಂಟು. ಸ್ಕ್ರೀನಲ್ಲಿ ತೋರಿಸಿದ್ರು: ಒಂದು ಹುರುಳಿಕಾಳಿನಷ್ಟು, ಇನ್ನೊಂದು ಅವರೆಕಾಳಿನಷ್ಟು, ನಸುಗೆಂಪಗೆ ತೊಟ್ಟಿನ ಮೇಲೆ ಕೂತಿತ್ತು. ತಂತಿ ಕುಣಿಕೆ ಹಾಕಿ ಅಲ್ಲೇ ತೆಗೆದರು. ಎಲ್ಲ ಪಾಲಿಪ್ಪೂ ಕ್ಯಾನ್ಸರ್ ಆಗಲ್ಲ, ಆಗೋದಕ್ಕೂ ಸಾಮಾನ್ಯವಾಗಿ ಹತ್ತು ವರ್ಷದಷ್ಟು ಹಿಡಿಯುತ್ತೆ. ಆದ್ರೆ ನಿಮಗೂ ಇದ್ರೆ ಅದು ಎಷ್ಟನೇ ವರ್ಷದಲ್ಲಿದೆ ಅಂತ ಮುಲಾಮು ಹೇಳಲ್ಲ.

ಚಿಕನ್ನದು, ಏನಾಗಲ್ಲ ಅನ್ನಬೇಡಿ. ಪ್ಯಾಕೆಟ್ ಹಿಂದೆ 250 ಅಂತ ನಂಬರ್ ಇದ್ರೆ ಅದು ಮಾಂಸ ಕೆಡದಂತೆ ಹಾಕೋ ಸೋಡಿಯಂ ನೈಟ್ರೈಟ್. ಸಾಸೇಜ್, ಸಲಾಮಿ ಥರದ ಸಂಸ್ಕರಿಸಿದ ಮಾಂಸ ಕ್ಯಾನ್ಸರ್ ತರುತ್ತೆ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲೇ ಹೇಳಿದೆ. ದಿನಾ 50 ಗ್ರಾಂ ತಿಂದ್ರೆ ದೊಡ್ಡಕರುಳಿನ ಕ್ಯಾನ್ಸರ್ ಅಪಾಯ ಸುಮಾರು 18% ಜಾಸ್ತಿ. ನೂರಕ್ಕೆ 18 ಜನಕ್ಕೆ ಬರುತ್ತೆ ಅಂತಲ್ಲ, ಈಗಿರೋ ಅಪಾಯದ ಮೇಲೆ ಅಷ್ಟು ಏರುತ್ತೆ ಅಂತ. ನಾಲ್ಕು ಸಾಸೇಜ್ 50 ಗ್ರಾಂ ದಾಟಿಯೇ ಇರುತ್ತೆ. ಭಾನುವಾರ ಬಿಯರ್ ಕುಡಿಯೋದಿದ್ರೆ ಅದನ್ನೂ ಈ ಅಪಾಯದ ಲೆಕ್ಕಕ್ಕೆ ಸೇರಿಸಿ. ಸಾರಿಗೆ ಹಾಕೋ ಅರಿಶಿನ ಧಾರಾಳ ಹಾಕಿ, ಆ ಕ್ಯಾಪ್ಸೂಲ್ ಮಾತ್ರ ಬಿಡಿ, ಲಿವರ್ ಕೆಡಿಸಿಕೊಂಡವರಿದ್ದಾರೆ.

ಮುದ್ದೆ ಬಿಟ್ಟಿದ್ದು ನೋಡಿ ಹೊಟ್ಟೆ ಉರೀತು. 100 ಗ್ರಾಂ ರಾಗೀಲಿ ಸುಮಾರು 11 ಗ್ರಾಂ ನಾರು, ಬಿಳಿ ಅಕ್ಕೀಲಿ ಮೂರರ ಹತ್ತಿರ. ಕರುಳಿನ ಬ್ಯಾಕ್ಟೀರಿಯಾ ಆ ನಾರನ್ನ ಹುಳಿಸಿ ಬ್ಯುಟಿರೇಟ್ ಅನ್ನೋ ಕೊಬ್ಬಿನಾಮ್ಲ ಮಾಡುತ್ತೆ. ಕರುಳಿನ ಒಳಪದರಕ್ಕೆ ಅದೇ ಊಟ, ಉರಿಯೂತ ತಗ್ಗಿಸೋದೂ ಅದೇ. ಪ್ರೋಟೀನ್ ಬೇಕಾ? ಹುರುಳಿಕಾಳು ರಾತ್ರಿ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೇಲಿ ಒಂದೂವರೆ ದಿನ ಕಟ್ಟಿಡಿ. ಮೊಳಕೆ ಅರ್ಧ ಬೆರಳು ಬಂದಾಗ ಬೇಯಿಸಿ, ಕಟ್ಟಿನಲ್ಲಿ ಬಸ್ಸಾರು, ಕಾಳಲ್ಲಿ ಪಲ್ಯ. ಮೊಟ್ಟೆ, ಮೀನು, ನಂದಿನಿ ಮೊಸರು ಇದೆಯಲ್ಲ. ಮಲ್ಟಿಗ್ರೇನ್ ಬ್ರೆಡ್ ಬೇಡ, ಬಹಳಷ್ಟರಲ್ಲಿ ಮೊದಲ ಹೆಸರೇ ಮೈದಾ. ಒಂದೇ ಸಲ ಎರಡು ಮುದ್ದೆಗೆ ಇಳೀಬೇಡಿ, ಹೊಟ್ಟೆ ಉಬ್ಬರಿಸುತ್ತೆ. ಮೊದಲ ವಾರ ಅರ್ಧ ಸಾಕು, ನೀರು ಜಾಸ್ತಿ ಕುಡೀರಿ.

ಇದೆಲ್ಲ ಆಮೇಲೆ. ಸಸ್ಯಾಹಾರಿಗಳಿಗೂ ಈ ಕ್ಯಾನ್ಸರ್ ಬರುತ್ತೆ, ಊಟ ಸರಿ ಮಾಡಿದ್ರೆ ಈಗ ಹೋಗ್ತಿರೋ ರಕ್ತಕ್ಕೆ ಉತ್ತರ ಸಿಗಲ್ಲ. ಈ ವಾರವೇ ಗ್ಯಾಸ್ಟ್ರೋ ಡಾಕ್ಟರ್ ಹತ್ರ ಹೋಗಿ. ಅಪ್ಪ, ಅಮ್ಮ, ಒಡಹುಟ್ಟಿದವರಲ್ಲಿ ಯಾರಿಗಾದ್ರೂ ಈ ಕ್ಯಾನ್ಸರ್ ಇತ್ತಾ ಅಂತ ಕೇಳ್ಕೊಂಡೇ ಹೋಗಿ. ಕೊಲೊನೋಸ್ಕೋಪಿ ಬರೆದುಕೊಟ್ರೆ ಅದಕ್ಕೆ ಎರಡು ಮೂರು ದಿನ ಮುಂಚೆ ರಾಗಿ, ಸೊಪ್ಪು, ಸೀಬೆಹಣ್ಣು ನಿಲ್ಲಿಸೋಕೆ ಹೇಳ್ತಾರೆ, ಆಗ ಬಿಳಿ ಅನ್ನ ಮಜ್ಜಿಗೆಯೇ ಸರಿ. ಹೊಟ್ಟೆ ಖಾಲಿ ಮಾಡೋ ದ್ರಾವಣ ಫ್ರಿಜ್ಜಲ್ಲಿಟ್ಟು ತಣ್ಣಗೆ ಮಾಡಿ ಕುಡೀರಿ, ಇಳಿಯುತ್ತೆ.