ಹೊಟ್ಟೆಯ ಆಪರೇಷನ್ ಗುಟ್ಟಾಗಿ ಮಾಡಿಸಿಕೊಳ್ಳಲಾ?

ಪ್ರಶ್ನೆ: ನನಗೆ 37 ವರ್ಷ. ಊರು ಕುಂದಾಪುರದ ಕಡೆ, ಈಗ ಇರುವುದು ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ. ಇಬ್ಬರು ಹೆಣ್ಣುಮಕ್ಕಳು, ಎರಡೂ ಸಿಸೇರಿಯನ್. ಚಿಕ್ಕವಳಿಗೆ 4 ವರ್ಷ. ಕಷ್ಟಪಟ್ಟು ತೂಕ ಇಳಿಸಿದೆ. ಆದರೂ ಹೊಟ್ಟೆಯ ಚರ್ಮ ಜೋತು ಬಿದ್ದಿದೆ, ಮಳೆಗಾಲದಲ್ಲಿ ಅದರ ಮಡಿಕೆಯಲ್ಲಿ ತುರಿಕೆ, ಗಾಯ. ಟಮ್ಮಿ ಟಕ್ (ಜೋತು ಬಿದ್ದ ಚರ್ಮ ತೆಗೆದು ಹೊಟ್ಟೆ ಬಿಗಿ ಮಾಡುವ ಆಪರೇಷನ್) ಮಾಡಿಸಲು ದುಡ್ಡು ಕೂಡಿಟ್ಟಿದ್ದೇನೆ. ಗಂಡ, 'ಈ ವಯಸ್ಸಲ್ಲಿ ಯಾರಿಗೆ ತೋರಿಸೋಕೆ?' ಅನ್ನುತ್ತಾರೆ. ಅತ್ತೆಗೆ ಇನ್ನೊಂದು ಮಗು ಬೇಕು, ಗಂಡು. ಮೇ ರಜೆಯಲ್ಲಿ ಅತ್ತೆ, ಮಕ್ಕಳು ಊರಿಗೆ ಹೋದಾಗ ಹರ್ನಿಯಾ ಆಪರೇಷನ್ ಅಂತ ಹೇಳಿ ಮುಗಿಸಿಬಿಡಲಾ? ಆಫೀಸಿಗೆ ಒಂದು ವಾರ ರಜೆ ಸಾಕಾ?

ಉತ್ತರ: ನಿಮ್ಮ ಆಸೆಯಲ್ಲಿ ತಪ್ಪೇನೂ ಇಲ್ಲ. ಎರಡು ಬಸಿರಿನಲ್ಲಿ ಅಷ್ಟು ಹಿಗ್ಗಿದ ಚರ್ಮವನ್ನು ಯಾವ ವ್ಯಾಯಾಮವೂ ವಾಪಸ್ ಬಿಗಿ ಮಾಡುವುದಿಲ್ಲ. ತುರಿಕೆ ಪಡುತ್ತಿರುವವರು ನೀವು, ದುಡ್ಡು ಕೂಡಿಟ್ಟವರೂ ನೀವು. ನಾಚಿಕೆ ಬೇಡ. ಆದರೆ ಗುಟ್ಟಾಗಿ, ಒಂದೇ ವಾರದಲ್ಲಿ ಅಂದಿರಲ್ಲ, ಅದು ಆಗುವ ಮಾತಲ್ಲ.

ಇದು ದೊಡ್ಡ ಆಪರೇಷನ್. ಪೂರ್ತಿ ಅರಿವಳಿಕೆ ಕೊಟ್ಟು, ಸಾಮಾನ್ಯವಾಗಿ ಎರಡರಿಂದ ನಾಲ್ಕು ಗಂಟೆ ಮಾಡುತ್ತಾರೆ. ಸಿಸೇರಿಯನ್ ಗೆರೆ ಇರುವ ಕಡೆಯೇ, ಆದರೆ ಸೊಂಟದ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಕೊಯ್ಯುತ್ತಾರೆ. ಬಸಿರಿನಲ್ಲಿ ಬೇರೆಯಾದ ಹೊಟ್ಟೆಯ ಸ್ನಾಯುಗಳನ್ನು ಎಳೆದು ಹೊಲಿಯುತ್ತಾರೆ, ಹೆಚ್ಚಾದ ಚರ್ಮ ತೆಗೆಯುತ್ತಾರೆ, ಹೊಕ್ಕುಳಿಗೆ ಹೊಸ ಜಾಗ ಮಾಡುತ್ತಾರೆ. ಗೆರೆ ಮಾಸಲು ಒಂದು ವರ್ಷವಾದರೂ ಬೇಕು, ಪೂರ್ತಿ ಅಳಿಸುವುದಿಲ್ಲ. ಅದರ ಸುತ್ತ ಮರಗಟ್ಟಿದ ಹಾಗೆ ತುಂಬಾ ದಿನ ಇರಬಹುದು.

ಮನೆಗೆ ಬಂದ ಮೇಲಿನ ದಿನಗಳನ್ನು ಯೋಚಿಸಿ. ಮೊದಲ ವಾರ ನೆಟ್ಟಗೆ ನಿಲ್ಲಲು ಆಗುವುದಿಲ್ಲ, ಬಗ್ಗಿಕೊಂಡೇ ನಡೆಯಬೇಕು. ಮಲಗುವಾಗ ಮಂಡಿ ಕೆಳಗೆ ದಿಂಬು. ನೀರು ಬಸಿಯಲು ಡ್ರೈನ್ ಅನ್ನುವ ಸಣ್ಣ ಕೊಳವೆ ಹಾಕಿದ್ದರೆ, ಅದರ ಡಬ್ಬಿಯನ್ನು ದಿನಾ ಖಾಲಿ ಮಾಡಿ ಅಳತೆ ಬರೆದಿಡಬೇಕು. ಬಿಗಿಯಾದ ಬೆಲ್ಟ್ ಸುಮಾರು ಆರು ವಾರ. ಮುಂಬೈ ಕಡೆಯ ಮೇ ಸೆಕೆಯಲ್ಲಿ ಅದನ್ನು ಹಾಕಿಕೊಂಡಿರುವುದು ಬಹಳ ಹಿಂಸೆ, ಡಿಸೆಂಬರ್, ಜನವರಿ ವಾಸಿ. ಕೂತು ಮಾಡುವ ಕೆಲಸಕ್ಕೂ ಎರಡು-ಮೂರು ವಾರ ರಜೆ ಬೇಕು. ಡೊಂಬಿವಲಿಯ ಲೋಕಲ್ ರೈಲಿನಲ್ಲಿ ತಳ್ಳಾಡಿಕೊಂಡು ಹತ್ತುವುದನ್ನು ಇನ್ನೂ ಮುಂದೂಡಿ. ಮೊದಲ ದಿನಗಳಲ್ಲಿ ಮನೆಯಿಂದಲೇ ಕೆಲಸ ಮಾಡಲು ಆಗುತ್ತಾ ಕೇಳಿ. ಆರು ವಾರ ಬಕೆಟ್ ಇಲ್ಲ, ಸಿಲಿಂಡರ್ ಇಲ್ಲ, ಮಗಳನ್ನು ಎತ್ತಿಕೊಳ್ಳುವುದೂ ಇಲ್ಲ. 'ಅಮ್ಮಾ ಎತ್ಕೋ' ಅಂತ ಕೈ ಚಾಚಿದ ಮಗುವಿಗೆ ಬೇಡ ಅನ್ನುವುದು ನೋವಿಗಿಂತ ಕಷ್ಟ. ಊರಿಂದ ಅಮ್ಮನೋ ಅಕ್ಕನೋ ಬಂದು ಇರಲಿ.

ಹರ್ನಿಯಾ ಅನ್ನುವ ಸುಳ್ಳು ಯಾಕೆ ಬೇಡ ಅಂತ ಹೇಳುತ್ತೇನೆ. ಈ ಆಪರೇಷನ್ ಆದ ಮೇಲೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಇರುತ್ತದೆ, ಅದು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಕುತ್ತು. ಹಾಗಾಗಿಯೇ ಮೊದಲ ದಿನದಿಂದ ಸ್ವಲ್ಪ ಸ್ವಲ್ಪ ನಡೆಸುತ್ತಾರೆ. ಒಂದು ಕಾಲು ಮಾತ್ರ ಊದಿ ನೋಯುವುದು, ಉಸಿರು ಕಟ್ಟುವುದು, ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಓಡಬೇಕು. ಜ್ವರ ಬಂದರೆ, ಹೊಲಿಗೆಯಲ್ಲಿ ಕೀವು ಕಂಡರೆ ಆ ದಿನವೇ ಡಾಕ್ಟರಿಗೆ ಫೋನ್ ಮಾಡಬೇಕು. ಪಕ್ಕದಲ್ಲಿ ಮಲಗಿದವರಿಗೆ ನಿಜ ಗೊತ್ತಿಲ್ಲದಿದ್ದರೆ ಡಾಕ್ಟರಿಗೆ ಏನು ಹೇಳುತ್ತಾರೆ? ನೀವು ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಡಾಕ್ಟರಿಗೆ ಮೊದಲೇ ಹೇಳಿ, ಹೆಪ್ಪುಗಟ್ಟುವ ಅಪಾಯ ಅದರಿಂದ ಹೆಚ್ಚಬಹುದು. ಹೊಕ್ಕುಳ ಹತ್ತಿರ ನಿಜವಾಗಿಯೇ ಹರ್ನಿಯಾ ಇದೆಯಾ ಅಂತ ಪರೀಕ್ಷೆ ಮಾಡಿಸಿ. ಇದ್ದರೆ ಆ ಭಾಗಕ್ಕೆ ವಿಮೆ ಸಿಗುತ್ತದಾ ಕೇಳಿ. ಬರೀ ಟಮ್ಮಿ ಟಕ್‌ಗೆ ನಮ್ಮಲ್ಲಿ ಸಾಮಾನ್ಯವಾಗಿ ವಿಮೆ ಸಿಗುವುದಿಲ್ಲ, ಸುಳ್ಳು ಕ್ಲೇಮ್ ಹಾಕಲೂಬೇಡಿ.

ಇನ್ನು ಮೂರನೇ ಮಗು. ಟಮ್ಮಿ ಟಕ್ ಆದ ಮೇಲೆ ಬಸಿರಾಗಬಾರದು ಅಂತಿಲ್ಲ. ಆದರೆ ಹೊಲಿದ ಸ್ನಾಯು, ಚರ್ಮ ಮತ್ತೆ ಹಿಗ್ಗುತ್ತವೆ, ಇಷ್ಟೆಲ್ಲ ಕಷ್ಟ ಪಟ್ಟದ್ದು ದಂಡವಾಗಬಹುದು. ಗಂಡುಮಗು ಅತ್ತೆಯ ಆಸೆ. ನಿಮಗೆ ಬೇಕಾ? ನಿಮ್ಮಿಬ್ಬರಿಗೆ ಬೇಡ ಅಂತಿದ್ದರೆ ಅದನ್ನು ಅವರಿಗೆ ನಿಮ್ಮ ಗಂಡ ಹೇಳಲಿ. ಮನಸ್ಸಿನಲ್ಲಿ ಇನ್ನೂ ಹೊಯ್ದಾಟ ಇದ್ದರೆ ಆಪರೇಷನ್ ತಡೆಯಿರಿ.

ಡಾಕ್ಟರ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿಎಚ್. ಅಥವಾ ಡಿಎನ್‌ಬಿ (ಈಗಿನ ಹೆಸರು ಡಿಆರ್‌ಎನ್‌ಬಿ) ಅನ್ನುವ ತಜ್ಞ ಪದವಿ ಮಾಡಿರಬೇಕು. ಐಸಿಯು ಇರುವ ಆಸ್ಪತ್ರೆಯಲ್ಲೇ ಮಾಡಿಸಿ. ಆಫರ್ ಹಾಕುವ ಬ್ಯೂಟಿ ಕ್ಲಿನಿಕ್ ಬೇಡವೇ ಬೇಡ.

ಮೊದಲ ಭೇಟಿಗೇ ಗಂಡನನ್ನು ಕರೆದುಕೊಂಡು ಹೋಗಿ. ಮನೆಯಲ್ಲಿ ವಾದ ಮಾಡುವ ಬದಲು, ಅವರ ಅನುಮಾನಗಳನ್ನೆಲ್ಲ ಡಾಕ್ಟರ್ ಎದುರೇ ಕೇಳಲಿ. ಮಳೆಗಾಲದಲ್ಲಿ ಆಗುವ ಗಾಯವನ್ನು ಅವರು ಸರಿಯಾಗಿ ನೋಡಿಯೇ ಇಲ್ಲದಿರಬಹುದು, ಅದನ್ನೂ ತೋರಿಸಿ. ಆಮೇಲೂ ಅವರು ಒಪ್ಪದಿದ್ದರೆ ನಿರ್ಧಾರ ನಿಮ್ಮದೇ. ಆದರೆ ಆ ಆರು ವಾರ ಮನೆಯಲ್ಲಿ ನೀರು ತುಂಬುವವರು, ಮಗಳನ್ನು ಸ್ಕೂಲಿಗೆ ಬಿಡುವವರು ಯಾರು ಅನ್ನುವುದು ಖಾತ್ರಿಯಾಗುವವರೆಗೆ ಡೇಟ್ ತೆಗೆದುಕೊಳ್ಳಬೇಡಿ.