ಅಪ್ಪನ ವೀಸಾ ಫೈಲು ನೋಡಿ ವಕೀಲೆ ಆಗೋ ಆಸೆ

ಪ್ರಶ್ನೆ: ನನಗೆ 19 ವರ್ಷ. ಚಿಕ್ಕವಳಿದ್ದಾಗಲೇ ಅಮೆರಿಕಕ್ಕೆ ಬಂದೆ, ಈಗ ಕಾಲೇಜು ಎರಡನೇ ವರ್ಷ. ಅಪ್ಪಂದು ಎಚ್-1ಬಿ (ಕಂಪನಿ ಕೆಲಸದ ವೀಸಾ), ಅಮ್ಮಂದು ನಂದು ಎಚ್-4 (ಅವರ ಕುಟುಂಬಕ್ಕೆ ಕೊಡುವ ವೀಸಾ). ಗ್ರೀನ್ ಕಾರ್ಡ್ ಸರದಿ ಇನ್ನೂ ಬಂದಿಲ್ಲ. ಸರದಿ ಎಲ್ಲಿಗೆ ಬಂತು ಅಂತ ತಿಂಗಳು ತಿಂಗಳು ಹೇಳೋ ವೀಸಾ ಬುಲೆಟಿನ್ ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಮಾತಾಡಲ್ಲ. 21 ತುಂಬಿದರೆ ಅಪ್ಪನ ಅರ್ಜಿಯಿಂದ ನಾನು ಹೊರಗೆ. ಇದನ್ನೆಲ್ಲ ನೋಡಿ ಇಮಿಗ್ರೇಷನ್ ವಕೀಲೆ ಆಗಬೇಕು, ಕಾಲೇಜಿನಲ್ಲಿ ನಮ್ಮಂಥವರ ಗುಂಪು ಕಟ್ಟಬೇಕು ಅನ್ನಿಸಿದೆ. ಅಪ್ಪ ಮಾತ್ರ 'ಮನೆ ವಿಷಯ ಬೀದಿಗೆ ತರಬೇಡ, ಸುಮ್ನೆ ಕಂಪ್ಯೂಟರ್ ಸೈನ್ಸ್ ಓದು' ಅಂತಾರೆ.
– ಹೆಸರು ಬೇಡ

ಉತ್ತರ: ಅಪ್ಪನ ಮಾತಿನಲ್ಲಿ ಅರ್ಧ ಸರಿ ಇದೆ. ಅವರ ವೀಸಾ ನಿಂತಿರುವುದೇ ಕಂಪನಿಯ ಮೇಲೆ. ಹಾಗಾಗಿ ಕಂಪನಿ ಹೆಸರು, ಅವರ ಫೋಟೊ, ಅರ್ಜಿಯ ನಂಬರು ಎಲ್ಲೂ ಹಾಕಬೇಡಿ. ನಿಮ್ಮ ಕಥೆ ಹೇಳೋಕೆ ಅದ್ಯಾವುದೂ ಬೇಕಾಗಿಲ್ಲ.

ಬಾಯಿ ಮುಚ್ಚಿಕೊಂಡಿರು ಅನ್ನೋದನ್ನು ಮಾತ್ರ ನಾನು ಒಪ್ಪಲ್ಲ. ಗಡಿಪಾರಿನಿಂದ ರಕ್ಷಣೆ ಕೊಡುವ 2012ರ ಡಾಕಾ ಯೋಜನೆ ಕಾಗದಪತ್ರ ಇಲ್ಲದ ಮಕ್ಕಳಿಗೆ ಸಿಕ್ಕಿತು, ಕಾನೂನುಬದ್ಧವಾಗಿ ಬಂದ ನಿಮ್ಮಂಥವರಿಗೆ ಸಿಗಲಿಲ್ಲ. ಇಂಥ ಮಕ್ಕಳೂ ಇದ್ದಾರೆ ಅನ್ನೋದೇ ಎಷ್ಟೋ ಜನಕ್ಕೆ ಗೊತ್ತಿರಲಿಲ್ಲ. ಇದೇ ಕಷ್ಟ ಉಂಡ ದೀಪ್ ಪಟೇಲ್ 'ಇಂಪ್ರೂವ್ ದ ಡ್ರೀಮ್' ಅಂತ ಗುಂಪು ಕಟ್ಟಿದರು, ವಿದ್ಯಾರ್ಥಿಗಳು ಸಂಸದರ ಕಚೇರಿಗಳಿಗೆ ಹೋಗಿ ಮಾತಾಡಿದರು, 2021ರಲ್ಲಿ ಇಂಥ ಮಕ್ಕಳಿಗೆ ಗ್ರೀನ್ ಕಾರ್ಡಿನ ದಾರಿ ತೆರೆಯುವ 'ಅಮೆರಿಕಾಸ್ ಚಿಲ್ಡ್ರನ್ ಆ್ಯಕ್ಟ್' ಮಸೂದೆ ಮಂಡನೆ ಆಯಿತು. ಕಾನೂನಾಗಲಿಲ್ಲ, 2023ರಲ್ಲಿ ಮತ್ತೆ ಮಂಡಿಸಬೇಕಾಯಿತು. ಈ ಕೆಲಸ ಇಷ್ಟು ನಿಧಾನ, ಗೊತ್ತಿರಲಿ.

ನಿಮಗೆ ವೋಟಿಲ್ಲ, ಆದರೆ ನಿಮ್ಮ ಕ್ಷೇತ್ರದ ಸಂಸದರ ಕಚೇರಿಗೆ ಹೋಗೋಕೆ ಯಾರ ಅಡ್ಡಿಯೂ ಇಲ್ಲ. ಒಂದೇ ಹಾಳೆ ಒಯ್ಯಿರಿ: ಬಂದ ವರ್ಷ, ಅಪ್ಪನ ಪ್ರಯಾರಿಟಿ ಡೇಟ್ (ಗ್ರೀನ್ ಕಾರ್ಡ್ ಸರದಿಯಲ್ಲಿ ಹೆಸರು ಸೇರಿದ ದಿನ), ನಿಮಗೆ 21 ತುಂಬುವ ದಿನ. ಜೊತೆಗೆ, ಉದ್ಯೋಗದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಒಂದು ದೇಶಕ್ಕೆ ಶೇ. 7ರ ಮಿತಿ ಅನ್ನೋ ಲೆಕ್ಕ. ಉದ್ದ ಭಾಷಣಕ್ಕಿಂತ ಇದು ಜಾಸ್ತಿ ಕೆಲಸ ಮಾಡುತ್ತದೆ.

ಒಂದು ಎಚ್ಚರಿಕೆ. ಗುಂಪಿನಲ್ಲಿ ಯಾರಾದರೂ 'ನಾನು ಯಾವ ಫಾರಂ ಹಾಕಲಿ' ಅಂದರೆ ಉತ್ತರ ಕೊಡಬೇಡಿ. ಅದು ವಕೀಲರ ಕೆಲಸ, ಲೈಸೆನ್ಸ್ ಇಲ್ಲದೆ ಮಾಡಿದರೆ ತಪ್ಪು, ಒಂದು ತಪ್ಪು ಫಾರಂನಿಂದ ಅವರ ಬದುಕೇ ಹಾಳಾಗಬಹುದು.

ಇನ್ನು ಓದಿನ ವಿಷಯ. ಪಿಯುಸಿ ಆದಮೇಲೆ ನೇರ ಲಾ ಸೇರುವ ದಾರಿ ಅಲ್ಲಿಲ್ಲ. ಯಾವುದಾದರೂ ಡಿಗ್ರಿ, ಆಮೇಲೆ ಮೂರು ವರ್ಷದ ಲಾ ಡಿಗ್ರಿ ಜೆ.ಡಿ., ಆಮೇಲೆ ರಾಜ್ಯದ ಬಾರ್ ಪರೀಕ್ಷೆ. ಅಂದರೆ ಕಂಪ್ಯೂಟರ್ ಸೈನ್ಸ್ ಓದಿಯೂ ವಕೀಲೆ ಆಗಬಹುದು! ಅರ್ಧ ಜಗಳ ಇಲ್ಲೇ ಮುಗಿಯಿತು, ಅಲ್ವಾ? ಉಳಿದರ್ಧ ದುಡ್ಡಿನದು. ಎಚ್-4, ಎಫ್-1 (ವಿದ್ಯಾರ್ಥಿ ವೀಸಾ) ಎರಡರಲ್ಲೂ ಸರ್ಕಾರದ ವಿದ್ಯಾರ್ಥಿ ಸಾಲ ಸಿಗಲ್ಲ. ಎಫ್-1ನಲ್ಲಿ ಓದಿದರೆ ಲಾ ಡಿಗ್ರಿ ಮೇಲೆ ಒಪಿಟಿ (ಓದಿದ ವಿಷಯದಲ್ಲಿ ಕೆಲಸ ಮಾಡುವ ಅನುಮತಿ) ಒಂದೇ ವರ್ಷ, ಕಂಪ್ಯೂಟರ್ ಸೈನ್ಸಿಗಾದರೆ ಇನ್ನೂ ಎರಡು ವರ್ಷ ವಿಸ್ತರಣೆ ಇದೆ. ಅಪ್ಪ ಹೆದರೋದು ಸುಮ್ನೆ ಅಲ್ಲ.

ಆದರೂ ಆ ಕೆಲಸಕ್ಕೆ ಜನ ಬೇಕು. ಇಮಿಗ್ರೇಷನ್ ಕೋರ್ಟಿನಲ್ಲಿ ಸರ್ಕಾರದ ಕಡೆ ವಕೀಲರು ಇದ್ದೇ ಇರುತ್ತಾರೆ, ಎದುರು ನಿಂತವರಿಗೆ ಸರ್ಕಾರದ ಖರ್ಚಿನಲ್ಲಿ ವಕೀಲರನ್ನು ಕೊಡುವ ಹಕ್ಕಿಲ್ಲ, ಎದುರಿಗಿರೋದು ಮಗುವಾದರೂ ಅಷ್ಟೆ. ಅನೇಕ ಲಾ ಸ್ಕೂಲುಗಳ ಕಾನೂನು ನೆರವಿನ ಕ್ಲಿನಿಕ್‌ಗಳಲ್ಲಿ ವಿದ್ಯಾರ್ಥಿಗಳೇ ಪ್ರೊಫೆಸರ್ ಕಣ್ಗಾವಲಲ್ಲಿ ಇಂಥ ಕೇಸು ನಡೆಸುತ್ತಾರೆ. ಬರೀ ಸಿಟ್ಟಿಗೆ ಲಾ ಸೇರಬೇಡಿ. ಒಂದು ಭಾನುವಾರ ಅಪ್ಪನ ಹತ್ತಿರ ಫೈಲು ಕೇಳಿ, ಐ-140 (ಅಪ್ಪನ ಗ್ರೀನ್ ಕಾರ್ಡಿಗಾಗಿ ಕಂಪನಿ ಹಾಕುವ ಅರ್ಜಿ) ಒಪ್ಪಿಗೆ ಪತ್ರದಿಂದ ಹಿಡಿದು ಒಂದೊಂದೇ ಕಾಗದ ಓದಿ. ಮಧ್ಯಾಹ್ನದ ಹೊತ್ತಿಗೆ ಬೇಜಾರಾಗದೆ ಇನ್ನಷ್ಟು ಪ್ರಶ್ನೆ ಹುಟ್ಟಿದರೆ ಈ ದಾರಿ ನಿಮ್ಮದು.

ಅದೇ ಫೈಲಿನಲ್ಲಿ ನಿಮ್ಮ ಲೆಕ್ಕವೂ ಸಿಗುತ್ತದೆ. 2002ರ ಕಾನೂನಿನ ಪ್ರಕಾರ ಐ-140 ಎಷ್ಟು ದಿನ ಇತ್ಯರ್ಥವಾಗದೆ ಕೂತಿತ್ತೋ ಅಷ್ಟನ್ನು, ಸರದಿ ಬಂದ ದಿನದ ನಿಮ್ಮ ವಯಸ್ಸಿನಿಂದ ಕಳೆಯುತ್ತಾರೆ. ಎಚ್-4ಗೆ ಮಾತ್ರ ಈ ರಿಯಾಯಿತಿ ಇಲ್ಲ, 21 ಅಂದರೆ 21. ಹಾಗಾಗಿ ಎಫ್-1ಗೆ ಬದಲಾಯಿಸೋದು ಯಾವಾಗ, ಹೇಗೆ ಅಂತ ಕಾಲೇಜಿನ ಇಂಟರ್‌ನ್ಯಾಷನಲ್ ಆಫೀಸಿನಲ್ಲಿ ಈ ಸೆಮಿಸ್ಟರ್‌ನಲ್ಲೇ ಕೇಳಿ. ಗುಂಪಿನ ಮೊದಲ ಮೀಟಿಂಗ್ ಆಮೇಲಾದರೂ ನಡೆಯುತ್ತದೆ.