ಮೂಗೂ ರನ್, ಅಂಗಡಿಯೂ ರನ್: ಇಂಗ್ಲಿಷಿನ ಒಂದು ಪುಟ್ಟ ಪದದ ಬಗ್ಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಆಫೀಸ್ ಕೆಲಸ. ಮೊನ್ನೆ ನಮ್ಮ ಮ್ಯಾನೇಜರ್ ಒಂದೇ ಮೀಟಿಂಗಿನಲ್ಲಿ 'ರನ್ ದಿ ರಿಪೋರ್ಟ್', 'ಐ ವಿಲ್ ರನ್ ಇಟ್ ಬೈ ದಿ ಕ್ಲೈಂಟ್', 'ವಿ ಆರ್ ರನ್ನಿಂಗ್ ಔಟ್ ಆಫ್ ಟೈಮ್' ಅಂದರು. ರನ್ ಅಂದರೆ ಓಡು ಅಂತ ತಾನೇ ನಾವು ಕಲಿತದ್ದು? ಇದಕ್ಕೆ ಎಷ್ಟು ಅರ್ಥಗಳಿವೆ? ಎಲ್ಲವನ್ನೂ ಬಾಯಿಪಾಠ ಮಾಡಬೇಕಾ?

ಉತ್ತರ: ಎಷ್ಟು ಅರ್ಥ ಅಂತ ಕೂತು ಎಣಿಸಿದವರೇ ಇದ್ದಾರೆ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಪೀಟರ್ ಗಿಲಿವರ್ ಈ ಒಂದು ಪದಕ್ಕೇ ಒಂಬತ್ತು ತಿಂಗಳು ಕೊಟ್ಟರು. ಕ್ರಿಯಾಪದವಾಗಿ ಮಾತ್ರ ಲೆಕ್ಕ ಹಾಕಿದರೂ 645 ಅರ್ಥಗಳು ಸಿಕ್ಕಿದವು. ಅದೇ ನಿಘಂಟಿನ 1989ರ ಆವೃತ್ತಿಯಲ್ಲಿ ಮೊದಲ ಸ್ಥಾನ 'ಸೆಟ್' ಪದಕ್ಕಿತ್ತು, ಸುಮಾರು 430 ಅರ್ಥಗಳೊಂದಿಗೆ. 2011ರ ಹೊತ್ತಿಗೆ ರನ್ ಅದನ್ನು ಹಿಂದೆ ಹಾಕಿತ್ತು. ಹಾಗಾಗಿ ಬಾಯಿಪಾಠದ ಯೋಚನೆ ಬಿಟ್ಟುಬಿಡಿ. ಇಂಗ್ಲಿಷ್ ಮನೆಮಾತಿನವರೂ ಅದನ್ನು ಮಾಡಿಲ್ಲ.

ನಮಗೆ ತೊಡಕಾಗುವುದು 'ಓಡು' ಅನ್ನೋ ಒಂದೇ ಅರ್ಥ ತಲೆಯಲ್ಲಿ ಗಟ್ಟಿಯಾಗಿ ಕೂತಿರುವುದರಿಂದ. ಹಳೆಯ ಇಂಗ್ಲಿಷಿನಲ್ಲೇ ಈ ಪದಕ್ಕೆ ಓಡುವುದರ ಜೊತೆಗೆ ಹರಿಯುವ ಅರ್ಥವೂ ಇತ್ತು. ಇದರ ನೆಂಟ, ಜರ್ಮನ್ ಭಾಷೆಯ 'ರಿನ್ನೆನ್' ಪದಕ್ಕೆ ಇವತ್ತಿಗೂ ಹರಿ, ಸೋರು ಅಂತಲೇ ಅರ್ಥ. ಇದು ಗೊತ್ತಾದರೆ ಮೂಗು ರನ್ ಆಗುವುದು, ನಲ್ಲಿ ರನ್ ಆಗುವುದು, ಒಗೆದಾಗ ಬಟ್ಟೆಯ ಬಣ್ಣ ರನ್ ಆಗುವುದು ಯಾವುದೂ ವಿಚಿತ್ರ ಅನ್ನಿಸುವುದಿಲ್ಲ. ಎಲ್ಲ ಹರಿಯುವ ಕಡೆಯ ಮಕ್ಕಳು.

ಆಮೇಲೆ ಯಂತ್ರಗಳು ಬಂದವು. ರೈಲು ರನ್ ಆಯಿತು, ಗಿರಣಿ ರನ್ ಆಯಿತು, ಗಡಿಯಾರ ರನ್ ಆಯಿತು. ಚಾಲೂ ಇರುವುದೆಲ್ಲ ರನ್. ಚಾಲೂ ಇಡುವವರೂ ರನ್ ಮಾಡುವವರೇ, ಅದು ಹೋಟೆಲ್ ಆಗಲಿ, ಸರ್ಕಾರ ಆಗಲಿ. ಕಂಪ್ಯೂಟರ್ ಬಂದಾಗ ಪ್ರೋಗ್ರಾಂ ಕೂಡ ಇದೇ ಸಾಲಿಗೆ ಸೇರಿತು. ನಿಮ್ಮ ಮ್ಯಾನೇಜರ್ ಹೇಳಿದ 'ರನ್ ದಿ ರಿಪೋರ್ಟ್' ಇಲ್ಲಿಂದ ಬಂದದ್ದು: ಸಿಸ್ಟಂ ಚಾಲೂ ಮಾಡಿ ವರದಿ ತೆಗೆಯಿರಿ ಅಂತ.

ಇನ್ನು ಅರ್ಥ ಹಿಡಿಯುವ ದಾರಿ. ರನ್ ಅನ್ನು ನೋಡಬೇಡಿ, ಅದರ ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡಿ. ಒಂದೇ ವಾಕ್ಯ ತಗೊಳ್ಳಿ. 'ಹಿ ರ‍್ಯಾನ್ ಟು ದಿ ಶಾಪ್' ಅಂದರೆ ಅಂಗಡಿಗೆ ಓಡಿದ. 'ಟು' ತೆಗೆದುಬಿಡಿ, 'ಹಿ ರ‍್ಯಾನ್ ದಿ ಶಾಪ್'. ಈಗ ಅವನು ಅಂಗಡಿ ನಡೆಸುತ್ತಿದ್ದ ಸಾಹುಕಾರ. 'ಇನ್‌ಟು' ಹಾಕಿದರೆ ಅಂಗಡಿಯೊಳಗೆ ಓಡಿದ. ಆದರೆ ಗಾಡಿಯಲ್ಲಿದ್ದರೆ ಅಂಗಡಿಗೆ ಗುದ್ದಿದ! ಅದೇ 'ಇನ್‌ಟು' ಮುಂದೆ ಅಂಗಡಿಯ ಬದಲು ಗೆಳೆಯ ಬಂದರೆ ಸಾಮಾನ್ಯವಾಗಿ ಗುದ್ದಾಟ ಏನಿಲ್ಲ, ಅಕಸ್ಮಾತ್ ಸಿಕ್ಕಿದ ಅಂತ ಅಷ್ಟೇ. 'ಡೌನ್' ಹಾಕಿದರೆ ಅಂಗಡಿಯ ಬಗ್ಗೆ ಹಗುರವಾಗಿ ಮಾತಾಡಿದ ಅಂತಲೂ ಆಗುತ್ತದೆ. 'ಓವರ್' ಬಗ್ಗೆ ಮಾತ್ರ ಸ್ವಲ್ಪ ಹುಷಾರು. ನೋಟ್ಸ್ ಮೇಲೆ 'ರನ್ ಓವರ್' ಆದರೆ ಕಣ್ಣಾಡಿಸಿದ್ದು. ನಾಯಿ ಮೇಲೆ ಆದರೆ ಪಾಪ, ಗಾಡಿ ಹತ್ತಿಸಿದ್ದು.

ನಿಮ್ಮ ಉಳಿದೆರಡು ವಾಕ್ಯಗಳೂ ಇದೇ ಥರ. 'ರನ್ ಇಟ್ ಬೈ' ಅಂದರೆ ಕ್ಲೈಂಟ್‌ಗೆ ಒಂದು ಮಾತು ಕೇಳಿ ನೋಡುತ್ತೇನೆ, ಅವರು ಹೂಂ ಅಂತಾರೋ ಉಹೂಂ ಅಂತಾರೋ. 'ರನ್ನಿಂಗ್ ಔಟ್ ಆಫ್' ಅಂದರೆ ಮುಗಿಯುತ್ತಾ ಬಂದಿದೆ. ಸಮಯ, ದುಡ್ಡು, ಹಾಲು, ತಾಳ್ಮೆ, ಎಲ್ಲಕ್ಕೂ ನಡೆಯುತ್ತದೆ.

ಇದೆಲ್ಲ ಅತಿಯಾಯಿತು ಅನ್ನಿಸಿದರೆ ನಮ್ಮ 'ಹೊಡೆ' ನೆನಪಿಸಿಕೊಳ್ಳಿ. ಗೊರಕೆ ಹೊಡಿತೀವಿ, ಬಣ್ಣ ಹೊಡಿತೀವಿ, ಹರಟೆ ಹೊಡಿತೀವಿ, ಸೈಕಲ್ ಹೊಡಿತೀವಿ. ವಾಸನೆ ಹೊಡೆಯುತ್ತೆ, ಲಾಟರಿ ಹೊಡೆಯುತ್ತೆ. ಯಾರಿಗೂ ಪೆಟ್ಟಾಗಲ್ಲ. ಇದನ್ನು ನಾವು ಪಟ್ಟಿ ಮಾಡಿ ಕಲಿತೆವಾ? ಗೊರಕೆ ಪಕ್ಕದಲ್ಲಿ ಹೊಡೆ ಬರುತ್ತೆ ಅಂತ ಕಿವಿಗೆ ಬಿದ್ದು ಬಿದ್ದು ಬಂತು. ರನ್ ಅನ್ನೂ ಹಾಗೇ ಜೋಡಿ ಪದದ ಜೊತೆ ಬರೆದಿಟ್ಟುಕೊಳ್ಳಿ. ಬರೀ 'ರನ್' ಅಂತ ಬರೆದು ಮುಂದೆ ಹತ್ತು ಅರ್ಥ ಗೀಚಿದರೆ ಒಂದೂ ಉಳಿಯಲ್ಲ.

ಪ್ರಶ್ನೆ: 'ದಿ ಪೆಟ್ರೋಲ್ ಹ್ಯಾಸ್ ರ‍್ಯಾನ್ ಔಟ್' ಅಂತ ಬರೆದೆ, ಮಗಳು ತಪ್ಪು ಅಂದಳು. ಹಿಂದೆ ನಡೆದದ್ದು ತಾನೇ, ರ‍್ಯಾನ್ ಯಾಕಾಗಬಾರದು?

ಉತ್ತರ: ಮಗಳು ಸರಿ. 'ಹ್ಯಾಸ್', 'ಹ್ಯಾವ್', 'ಹ್ಯಾಡ್' ಬಂದ ಮೇಲೆ ರ‍್ಯಾನ್ ಬರುವಂತಿಲ್ಲ, ಮತ್ತೆ ರನ್ನೇ. 'ಪೆಟ್ರೋಲ್ ರ‍್ಯಾನ್ ಔಟ್' ಸರಿ, 'ಪೆಟ್ರೋಲ್ ಹ್ಯಾಸ್ ರನ್ ಔಟ್' ಕೂಡ ಸರಿ. 'ವಾಸ್' ಬಂದಾಗಲೂ ಅದೇ ನಿಯಮ. 2019ರ ವಿಶ್ವಕಪ್ ಸೆಮಿಫೈನಲ್ ಮರೆತಿಲ್ಲ ಅಲ್ವಾ? ಗಪ್ಟಿಲ್ ಎಸೆದ ಚೆಂಡು ನೇರವಾಗಿ ವಿಕೆಟ್‌ಗೆ ಬಡಿದು ಧೋನಿ 50ಕ್ಕೆ ಔಟಾದರು. ಅದನ್ನು ಹೇಳುವುದು 'ಧೋನಿ ವಾಸ್ ರನ್ ಔಟ್' ಅಂತ. 'ಧೋನಿ ರ‍್ಯಾನ್ ಔಟ್' ಅಂದರೆ ಅವರು ಎಲ್ಲಿಂದಲೋ ಹೊರಗೆ ಓಡಿಹೋದರು ಅಂತಾಗುತ್ತದೆ. ಅಂದಹಾಗೆ, ಬೌಂಡರಿ ಹೊಡೆದರೆ ಬ್ಯಾಟ್ಸ್‌ಮನ್ ಓಡಬೇಕಿಲ್ಲ, ಆದರೂ ಲೆಕ್ಕಕ್ಕೆ ಸಿಗುವುದು 4 ರನ್.

ಪ್ರಶ್ನೆ: ನಾನು ಬಿ.ಕಾಂ. ವಿದ್ಯಾರ್ಥಿ. ಪುಸ್ತಕದಲ್ಲಿ 'ಬ್ಯಾಂಕ್ ರನ್' ಅಂತ ಇದೆ. ಇದು ಬ್ಯಾಂಕ್ ನಡೆಸುವುದಾ?

ಉತ್ತರ: ಅಲ್ಲ, ಬ್ಯಾಂಕಿನ ಮೇಲೆ ಜನ ಮುಗಿಬೀಳುವುದು. ದುಡ್ಡು ಮುಳುಗುತ್ತೆ ಅಂತ ಹೆದರಿ ಎಲ್ಲರೂ ಒಟ್ಟಿಗೆ ಠೇವಣಿ ವಾಪಸ್ ಕೇಳಿದರೆ ಅದು ಬ್ಯಾಂಕ್ ರನ್. ಬ್ಯಾಂಕು ಆ ದುಡ್ಡನ್ನು ಬೇರೆಯವರಿಗೆ ಸಾಲ ಕೊಟ್ಟಿರುತ್ತದೆ, ಇಲ್ಲವೇ ಬಾಂಡ್‌ಗಳಲ್ಲಿ ಹಾಕಿರುತ್ತದೆ. ಎಲ್ಲರಿಗೂ ಒಂದೇ ದಿನ ಕೊಡಲು ಆಗುವುದಿಲ್ಲ. 2007ರಲ್ಲಿ ಬ್ರಿಟನ್‌ನ ನಾರ್ದರ್ನ್ ರಾಕ್ ಬ್ಯಾಂಕಿನ ಮುಂದೆ ಜನ ಬೀದಿಯುದ್ದ ಸಾಲು ನಿಂತಿದ್ದರು. ಅಮೆರಿಕದ ಸಿಲಿಕಾನ್ ವ್ಯಾಲಿ ಬ್ಯಾಂಕ್‌ನಲ್ಲಿ 2023ರ ಮಾರ್ಚ್ 9ರಂದು, ಒಂದೇ ದಿನ 4,200 ಕೋಟಿ ಡಾಲರ್ ಹೋಯಿತು. ಹೆಚ್ಚಿನವರು ಕೂತಲ್ಲೇ ಫೋನ್, ಲ್ಯಾಪ್‌ಟಾಪ್‌ನಲ್ಲೇ ದುಡ್ಡು ಸಾಗಿಸಿದರು. ಯಾರೂ ಓಡದಿದ್ದರೂ ಹೆಸರು ಮಾತ್ರ ರನ್. ಮರುದಿನವೇ ಬ್ಯಾಂಕಿಗೆ ಬೀಗ ಬಿತ್ತು.

ಪ್ರಶ್ನೆ: ವಯಸ್ಸು ಕೇಳಿದರೆ ನಮ್ಮ ಕಡೆ 'ಮೂವತ್ತು ರನ್ನಿಂಗ್' ಅಂತಾರೆ. ಮಗ ವಿದೇಶದಲ್ಲಿ ಹಾಗೆ ಹೇಳಿ ಯಾರಿಗೂ ಅರ್ಥವಾಗಲಿಲ್ಲವಂತೆ. ತಪ್ಪಾ?

ಉತ್ತರ: ನಮ್ಮಲ್ಲಿ ಚೆನ್ನಾಗಿಯೇ ನಡೆಯುತ್ತದೆ, ಅಲ್ಲಿ ನಡೆಯುವುದಿಲ್ಲ. ಇಪ್ಪತ್ತೊಂಬತ್ತು ತುಂಬಿ ಮೂವತ್ತು ನಡೀತಿದೆ ಅನ್ನೋದನ್ನ ನಾವು ಹಾಗೇ ಇಂಗ್ಲಿಷಿಗೆ ಎತ್ತಿಟ್ಟಿದ್ದೇವೆ. ಹೊರಗಿನವರಿಗೆ ತುಂಬಿದ ವಯಸ್ಸನ್ನೇ ಹೇಳಬೇಕು, ಸುಮ್ನೆ 'ಟ್ವೆಂಟಿ ನೈನ್' ಅಂದರೆ ಸಾಕು. 'ರನ್ನಿಂಗ್ ಬಸ್'ನಿಂದ ಇಳಿಯಬೇಡಿ ಅನ್ನುವಾಗಲೂ ಅಲ್ಲಿ 'ಮೂವಿಂಗ್' ಬಳಸುತ್ತಾರೆ. 'ರನ್ನಿಂಗ್ ರೇಸ್'ಗೆ ಬರೀ 'ರೇಸ್' ಸಾಕು. ಆದರೆ 'ರನ್ನಿಂಗ್ ಕಾಮೆಂಟರಿ' ಎಲ್ಲ ಕಡೆಯೂ ಸಲ್ಲುತ್ತದೆ. 'ಥ್ರೀ ಡೇಸ್ ರನ್ನಿಂಗ್' ಅನ್ನುವುದೂ ಸರಿಯಾದ ಇಂಗ್ಲಿಷೇ, ಸತತ ಮೂರು ದಿನ ಅಂತ ಅರ್ಥ. ಅಲ್ಲಿ ಪದ ಎಣಿಕೆಯ ನಂತರ ಬರಬೇಕು. ಮುಂದಕ್ಕೆ ತಂದು 'ರನ್ನಿಂಗ್ ಥ್ರೀ ಡೇಸ್' ಅಂದರೆ ಮೂರು ದಿನ ಓಡುತ್ತಲೇ ಇದ್ದಾನೆ ಅಂದುಕೊಂಡಾರು.